ಉಪ್ಪು ತಿಂದ ತೋಟ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಹಿರಿಯರ ಮಾತು. ಮನುಷ್ಯನ ಮಟ್ಟಿಗೆ ಅದು ನಿಜ. ಗಿಡಮರಗಳ ಪಾಲಿಗೆ ಮಾತ್ರ ಅದು ತಿರುಗುಮುರುಗಾಗುತ್ತದೆ. ಉಪ್ಪು ತಿಂದ ಮರ ನೀರು ಕುಡಿಯಲಾರದು. ಬುಡದಲ್ಲಿ ನೀರು ನಿಂತಿದ್ದರೂ ಅದು ಬಾಯಾರಿ ಸೊರಗುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಆ ನೀರನ್ನು ಒಳಗೆಳೆದುಕೊಳ್ಳಲು ಬೇರು ಪಡಬೇಕಾದ ಶ್ರಮ ಹೆಚ್ಚುತ್ತದೆ. ಹಾಗೂ ಹೀಗೂ ಎಳೆದುಕೊಂಡ ನೀರಿನ ಜೊತೆಗೆ ಬಂದ ಉಪ್ಪು ಎಲೆಯವರೆಗೆ ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಿಸಿಲು ಮಾಡುವ ಕೆಲಸವನ್ನೇ ಇಲ್ಲಿ ಎಲೆಯ ತುದಿ ಮತ್ತು ಅಂಚುಗಳು ಮಾಡುತ್ತವೆ. ಕೊನೆಗೆ ಆ ತುದಿ, ಆ ಅಂಚು ಸುಟ್ಟ ಕಾಗದದಂತಾಗುತ್ತವೆ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಕಡಲಂಚಿನ ತೋಟಗಳಲ್ಲಿ ಫಾಲ್ಗುಣ ಕಳೆಯುತ್ತಿದ್ದಂತೆ ಕಾಣತೊಡಗುವ ನೋಟ ಇದು. ಹೊರಗಿನವರಿಗೆ ಇದು ವಿಚಿತ್ರವಾಗಿ ತೋರೀತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಸಿಹಿನೀರಿಗೆ ಬರವೇ ಎಂದು ಅವರು ಕೇಳಿಯಾರು. ಆದರೆ ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಸಹ್ಯಾದ್ರಿಯಿಂದ ಸಮುದ್ರದವರೆಗೆ ಇರುವ ನೆಲವೂ ಕಿರಿದು; ಬಿದ್ದ ನೀರಿಗೆ ಕಡಲು ಸೇರುವ ಆತುರ. ದೀಪಾವಳಿಯ ನಂತರ ಹಳ್ಳಗಳು ತೆಳುವಾಗುತ್ತವೆ. ಮಾಘದ ಹೊತ್ತಿಗೆ ಹೊಳೆಯಲ್ಲಿ ಮೇಲಿನಿಂದ ತಳ್ಳುವ ನೀರಿಲ್ಲದೆ, ಭರತದ ನೀರು ಒಳನಾಡಿನವರೆಗೂ ನಡೆದುಬರುತ್ತದೆ. ಹೊಳೆಯಲ್ಲಿ ಕಣ್ಣಿಗೆ ಕಾಣುವಂತೆ ನಡೆಯುವ ಈ ಆಟವೇ ನೆಲದೊಳಗೆ, ಬಾವಿಗಳ ತಳದಲ್ಲಿ, ಕಾಣದಂತೆ ನಡೆಯುತ್ತದೆ.

ಈ ವಿಷಯವನ್ನು ಕುರಿತು ಮಾತನಾಡಲು ನನಗಿರುವ ಅಧಿಕಾರ ಒಂದು ತಪ್ಪಿನಿಂದ ಬಂದದ್ದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕುಮಟೆಯಿಂದ ಗೋಕರ್ಣದ ಕಡೆಗೆ ಹೋಗುವಲ್ಲಿ, ಅಘನಾಶಿನಿಯ ಹಿನ್ನೀರಿಗೆ ತಾಗಿದಂತೆ, ನನ್ನ ಸೋದರಮಾವನ ತೋಟವಿದೆ. ದೊಡ್ಡದೇನಲ್ಲ. ತೆಂಗು, ನಡುವೆ ಬಾಳೆ, ಅಂಗಳದ ಬದಿಗೆ ಕಸಿ ಮಾಡಿದ ಮೂರು ಈಶಾಡು ಮಾವಿನ ಮರ, ಎರಡು ಚಿಕ್ಕು, ಬಾವಿಯ ಕಟ್ಟೆಯ ಬಳಿ ಒಂದು ನಿಂಬೆಯ ಗಿಡ. ಬಾವಿ ಚಿರೇಕಲ್ಲಿನದು, ಆಳವಿಲ್ಲದ್ದು. ನನ್ನ ಬಾಲ್ಯದಲ್ಲಿ ಅದಕ್ಕೆ ಏತವಿತ್ತು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಏತ ಆಡುತ್ತಿತ್ತು. ಆಮೇಲೆ ಚಿಕ್ಕದೊಂದು ಮೋಟಾರು ಬಂತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇಸಿಗೆಯಲ್ಲಿ ನೀರು ಸಾಲುತ್ತಿಲ್ಲವೆಂದು ಮಾವ ಹೇಳಿದಾಗ, ಬಾವಿಯನ್ನು ಆರು ಅಡಿ ಇಳಿಸಿ ಐದು ಅಶ್ವಶಕ್ತಿಯ ಪಂಪು ಕೂರಿಸುವಂತೆ ಒತ್ತಾಯಿಸಿದವನು ನಾನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಸೋದರಳಿಯನ ಮಾತಿಗೆ ಅವರು ಎದುರಾಡಲಿಲ್ಲ.

ಮೊದಲ ಬೇಸಿಗೆ ಹಬ್ಬದಂತೆ ಕಳೆಯಿತು. ಎರಡನೆಯ ಬೇಸಿಗೆಯಲ್ಲಿ ಬಾಳೆಯ ಎಲೆಗಳ ಅಂಚು ಹಳದಿಯಾಗಿ, ಆಮೇಲೆ ಕಂದಾಗಿ ಒಣಗತೊಡಗಿತು. ಗೊನೆ ಸಣ್ಣದಾಯಿತು. ಮಾವಿನ ಎಲೆಗಳ ತುದಿ ಸುಟ್ಟಿತು. ನಿಂಬೆ ಎಲೆ ಉದುರಿಸಿ ಬರಿ ಕಡ್ಡಿಯಾಗಿ ನಿಂತಿತು. ಅಂಚು ಒಣಗುವುದು ಪೊಟ್ಯಾಷ್ ಕೊರತೆಯ ಲಕ್ಷಣವೂ ಹೌದು. ನಾನು ಅದನ್ನೇ ಹಿಡಿದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ತಂದು ಬುಡಬುಡಕ್ಕೆ ಹಾಕಿಸಿದೆ. ಆ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಕ್ಲೋರೈಡಿನಿಂದ ಸಾಯುತ್ತಿದ್ದ ಮರಕ್ಕೆ ಮೂವತ್ತು ವರ್ಷ ರಸಾಯನಶಾಸ್ತ್ರ ಓದಿದವನು ಇನ್ನಷ್ಟು ಕ್ಲೋರೈಡ್ ಬಡಿಸಿದ್ದ!

ನಿಜವನ್ನು ಕಂಡುಹಿಡಿದವರು ನನ್ನ ಅತ್ತೆ. ಒಂದು ದಿನ ಊಟಕ್ಕೆ ಕುಳಿತಾಗ ಅವರು, "ತಮಾ, ಈ ಬಾವಿ ನೀರಲ್ಲಿ ಬೇಳೆ ಬೇಯ್ತಿಲ್ಲೆ" ಎಂದರು. ಸಮುದ್ರದ ನೀರು ಬೆರೆತಾಗ ಬರುವುದು ಅಡಿಗೆಯ ಉಪ್ಪೊಂದೇ ಅಲ್ಲ. ಮೆಗ್ನೀಸಿಯಂ ಲವಣಗಳೂ ಬರುತ್ತವೆ, ನೀರು ಗಡುಸಾಗುತ್ತದೆ. ಗಡುಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಮರುದಿನ ಒಂದು ಸೀಸೆ ನೀರನ್ನು ಪ್ರಯೋಗಶಾಲೆಗೆ ಒಯ್ದು ಬೆಳ್ಳಿಯ ನೈಟ್ರೇಟಿನ ಹನಿ ಹಾಕಿದೆ. ಒಡೆದ ಹಾಲಿನಂತೆ ಬಿಳಿಯ ಗಸಿ ಇಳಿಯಿತು. ಅದನ್ನು ನೋಡುತ್ತ ನಿಂತ ನನಗೆ ಆದ ನಾಚಿಕೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ಆದದ್ದೇನು? ಕಡಲಂಚಿನ ಮರಳು ನೆಲದಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಲೆಂಡಿನ ಬಾಡೋನ್ ಘೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಎಂಬಿಬ್ಬರು ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯ ಶತಮಾನದ ಮೊದಲಿಗೂ, ಒಬ್ಬರನ್ನೊಬ್ಬರು ಅರಿಯದೆ, ಇದರ ಲೆಕ್ಕವನ್ನು ಕಂಡುಕೊಂಡರು. ಬಾವಿಯ ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ನಿಂತಿದ್ದರೆ, ಸಮುದ್ರಮಟ್ಟದಿಂದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರೇ ಇರುತ್ತದೆ. ಕೇಳಲು ಸೊಗಸಾದ ಲೆಕ್ಕ. ಆದರೆ ಇದನ್ನೇ ಹಿಂದುಮುಂದಾಗಿ ಓದಬೇಕು. ಬಾವಿಯ ಮಟ್ಟವನ್ನು ಒಂದು ಅಡಿ ಇಳಿಸಿ ಹಾಗೆಯೇ ಇಟ್ಟರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೇರಲು ಹೊರಡುತ್ತದೆ. ದೊಡ್ಡ ಪಂಪು ಒಂದೇ ಸಮನೆ ಎಳೆದಾಗ ಬಾವಿಯ ನೇರ ಕೆಳಗೆ ಉಪ್ಪುನೀರು ಗೋಪುರದಂತೆ ಎದ್ದು ನಿಲ್ಲುತ್ತದೆ. ನಾವು ಬಾವಿಯನ್ನೂ ಇಳಿಸಿದ್ದೆವು, ಎಳೆತವನ್ನೂ ಹೆಚ್ಚಿಸಿದ್ದೆವು. ಉಪ್ಪಿಗೆ ಎರಡು ಕಡೆಯಿಂದ ಆಹ್ವಾನ ಹೋಗಿತ್ತು.

ಏತದ ಕಾಲದಲ್ಲಿ ಹೀಗೇಕೆ ಆಗುತ್ತಿರಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಏತ ಎತ್ತುವವನು ದಣಿಯುತ್ತಿದ್ದ. ಅವನು ದಣಿದು ಕುಳಿತ ಹೊತ್ತಿನಲ್ಲಿ ಬಾವಿ ತುಂಬಿಕೊಳ್ಳುತ್ತಿತ್ತು. ಗೋಕರ್ಣದ ಸುತ್ತಿನ ಮರಳು ಗದ್ದೆಗಳಲ್ಲಿ ಹಾಲಕ್ಕಿ ಒಕ್ಕಲಿಗರು ಆಳವಿಲ್ಲದ ಗುಂಡಿಗಳಿಂದ ಕೊಡದಲ್ಲಿ ನೀರು ಮೊಗೆದು ತರಕಾರಿ ಬೆಳೆದದ್ದೂ ಇದೇ ನಿಯಮದಿಂದ. ಆ ನಿಯಮದ ಹೆಸರು ಅವರಿಗೆ ಬೇಕಾಗಿರಲಿಲ್ಲ. ಆಂಧ್ರದ ಕರಾವಳಿಯಲ್ಲೂ ಮರಳಿನಲ್ಲಿ ತೋಡಿದ ಇಂಥ ಗುಂಡಿಗಳುಂಟು. ದೊರವು ಎಂದು ಅವಕ್ಕೆ ಹೆಸರು. ಬಾಪಟ್ಲದ ಸಂಶೋಧನ ಕೇಂದ್ರದವರು ಆ ದೊರವನ್ನೇ ಸುಧಾರಿಸಿದರು. ಆಳಕ್ಕೆ ಇಳಿಯುವ ಬದಲು ರಂಧ್ರಗಳಿರುವ ಕೊಳವೆಗಳನ್ನು ಅಡ್ಡಡ್ಡವಾಗಿ ಹೂತು, ಮೇಲಿನ ತೆಳುವಾದ ಸಿಹಿನೀರನ್ನು ಮಾತ್ರ ಒಂದು ಬಾವಿಗೆ ಬಸಿಯುವಂತೆ ಮಾಡಿದರು. ಹಾಲಿನ ಮೇಲಿನ ಕೆನೆಯನ್ನು ಕದಡದೆ ತೆಗೆಯುವ ಹಾಗೆ. ನಮ್ಮ ಕರಾವಳಿಗೆ ಹೊರಗಿನಿಂದ ಒಂದು ವಿದ್ಯೆಯನ್ನು ತರುವುದಾದರೆ ಇದನ್ನೇ ತರಬೇಕೆಂದು ನನಗೆ ತೋರುತ್ತದೆ.

ನಾವು ಮಾಡಿದ್ದು ಅಷ್ಟು ದೊಡ್ಡ ಕೆಲಸವಲ್ಲ. ಇಳಿಸಿದ ಆರು ಅಡಿಯನ್ನು ಮರಳು ತುಂಬಿ ಮುಚ್ಚಿದೆವು. ದೊಡ್ಡ ಪಂಪನ್ನು ತೆಗೆದು, ಒಂದು ಅಶ್ವಶಕ್ತಿಯದನ್ನು ಕೂರಿಸಿ, ಅರ್ಧ ಗಂಟೆ ಓಡಿಸಿ ಮೂರು ಗಂಟೆ ಬಿಡುವು ಕೊಡುವ ಕ್ರಮ ಮಾಡಿದೆವು. ಹಾಗೆ ಬಂದ ನೀರು ಮೊದಲು ಒಂದು ತೊಟ್ಟಿಗೆ, ತೊಟ್ಟಿಯಿಂದ ತೋಟಕ್ಕೆ. ಬಾವಿ ಒಂದೇ ವರ್ಷದಲ್ಲಿ ಸುಧಾರಿಸಲಿಲ್ಲ. ಉಪ್ಪು ಬರುವಾಗ ಓಡಿಬರುತ್ತದೆ, ಹೋಗುವಾಗ ಕುಂಟುತ್ತ ಹೋಗುತ್ತದೆ. ಮೂರನೆಯ ಮಳೆಗಾಲ ಕಳೆದ ಮೇಲೆ ಬೆಳ್ಳಿಯ ನೈಟ್ರೇಟಿನ ಗಸಿ ತೆಳುವಾಯಿತು.

ನೀರು ಉಪ್ಪಾಗಿದೆಯೆ ಎಂದು ನಾಲಗೆಯಿಂದ ನೋಡುವ ರೂಢಿ ನಮ್ಮಲ್ಲಿದೆ. ನಾಲಗೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಈ ವಿಷಯದಲ್ಲಿ ಅದು ತಡವಾಗಿ ಎಚ್ಚರಾಗುತ್ತದೆ. ಲೀಟರಿಗೆ ಸುಮಾರು 250 ಮಿಲಿಗ್ರಾಂ ಕ್ಲೋರೈಡ್ ಸೇರಿದ ಮೇಲೆ ನಮಗೆ ರುಚಿ ತಿಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪರಿಷ್ಕರಿಸಿ ಹೊರತಂದ ಕೈಪಿಡಿಯ ಪ್ರಕಾರ, ಸೂಕ್ಷ್ಮವಾದ ಗಿಡಗಳಿಗೆ 140 ಮಿಲಿಗ್ರಾಮಿನಿಂದಲೇ ತೊಂದರೆ ಮೊದಲಾಗುತ್ತದೆ. 350 ದಾಟಿದರೆ ಅದು ತೀವ್ರ. ನಮ್ಮ ಬಾವಿ ಆ ಎರಡನೆಯ ಗೆರೆಯನ್ನೂ ದಾಟಿತ್ತು. ಅಂದರೆ ಮಾವಿನ ಎಲೆಗೆ ತಿಳಿಯುವ ಸಂಗತಿ ಮಾಲಿಕನ ನಾಲಗೆಗೆ ತಿಳಿಯುವುದು ಎಷ್ಟೋ ದಿನಗಳ ಮೇಲೆ. ನೀರಿನ ವಿದ್ಯುದ್ವಾಹಕತೆಯನ್ನು ಅಳೆಯುವ ಪುಟ್ಟ ಮೀಟರು ಈಗ ಅಂಗೈಯಲ್ಲಿ ಹಿಡಿಯುವಂಥದು ಸಿಗುತ್ತದೆ. ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮೇ ತಿಂಗಳಲ್ಲಿ ಒಮ್ಮೆ ನೋಡಿದರೆ ಸಾಲದು. ಜನವರಿಯಿಂದ ತಿಂಗಳಿಗೊಮ್ಮೆ ನೋಡಿ ಗೋಡೆಯ ಮೇಲೆ ಬರೆದಿಟ್ಟರೆ, ಉಪ್ಪು ಯಾವ ತಿಂಗಳು ಬಾಗಿಲು ತಟ್ಟುತ್ತದೆಂದು ಮೂರು ವರ್ಷದಲ್ಲಿ ತಿಳಿದುಹೋಗುತ್ತದೆ.

ತೋಟದಲ್ಲೇ ಇದ್ದುಕೊಂಡು ನಮ್ಮನ್ನು ಮೋಸಗೊಳಿಸುವ ಸಾಕ್ಷಿಯೊಂದುಂಟು: ತೆಂಗು. ತೆಂಗಿಗೆ ಕ್ಲೋರೈಡ್ ಒಂದು ಆಹಾರ. ಬುಡಕ್ಕೆ ಕಲ್ಲುಪ್ಪು ಹಾಕುವ ಹಳೆಯ ರೂಢಿಗೆ ಆಧಾರವಿಲ್ಲದಿಲ್ಲ. ತೆಂಗು ಹಸಿರಾಗಿದೆ, ಆದ್ದರಿಂದ ನೀರು ಚೆನ್ನಾಗಿದೆ ಎಂದು ಮಾವ ಎರಡು ವರ್ಷ ನಂಬಿದ್ದರು. ತೆಂಗು ದೂರು ಹೇಳುವ ಮರವಲ್ಲ. ದೂರು ಹೇಳುವುದು ನಿಂಬೆ, ಬಾಳೆ, ಮಾವು, ಹಲಸು. ಇವುಗಳಲ್ಲಿಯೂ ನಿಂಬೆ ಎಲ್ಲಕ್ಕಿಂತ ಮೊದಲು. ಬಾವಿಯ ಬಳಿ ಒಂದು ನಿಂಬೆಯ ಗಿಡವನ್ನು ಬೆಳೆಸಿಕೊಂಡಿರುವುದು ಮೀಟರು ಇಟ್ಟುಕೊಂಡಷ್ಟೇ ಒಳ್ಳೆಯದು. ಚಿಕ್ಕು ಸಹನೆಯ ಮರ. ಮಹಾರಾಷ್ಟ್ರದ ಕಡಲಂಚಿನ ಘೋಲ್ವಡ, ಡಹಾಣೂಗಳಲ್ಲಿ ಅದು ಹೆಸರಾದದ್ದು ಸುಮ್ಮನಲ್ಲ. ಪೇರಲೆ, ನೆಲ್ಲಿಗಳು ನಡುವಿನವು. ಆದರೆ ಉಪ್ಪು ತಡೆಯುವ ಮರಗಳ ಪಟ್ಟಿ ಹಿಡಿದುಕೊಂಡು ಇರುವ ಮಾವನ್ನೆಲ್ಲ ಕಡಿದು ಚಿಕ್ಕು ನೆಡಿರೆಂದು ಹೇಳುವ ಮನಸ್ಸು ನನಗಿಲ್ಲ. ನಮ್ಮ ನೆರೆಯ ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ಹಣ್ಣಿನ ಸವಿಯನ್ನು ಬಲ್ಲವರು ಅದಕ್ಕೆ ಬದಲಾಗಿ ಬೇರೊಂದನ್ನು ಒಪ್ಪುವವರಲ್ಲ.

ಮಾವನ್ನು ಉಳಿಸಿಕೊಳ್ಳಲು ದಾರಿಯಿದೆ, ಅದು ಮರದ ಕೆಳಗಿನ ಅರ್ಧದಲ್ಲಿದೆ. ಕಸಿಯ ಮರದಲ್ಲಿ ಹಣ್ಣು ಒಂದು ಜಾತಿಯದು, ಬೇರು ಇನ್ನೊಂದರದು. ಉಪ್ಪನ್ನು ಒಳಗೆ ಬಿಡುವುದೋ ತಡೆಯುವುದೋ ಬೇರಿಗೆ ಸೇರಿದ ವಿಚಾರ. ಇಸ್ರೇಲಿನವರು ತಮ್ಮ ಉಪ್ಪುನೀರಿನ ತೋಪುಗಳಿಗಾಗಿ '13-1' ಎಂಬ ಬೇರುಗಿಡವನ್ನು ಆರಿಸಿಕೊಂಡರು. ನಮ್ಮ ದೇಶದ ಪ್ರಯೋಗಗಳಲ್ಲಿ ಕೇರಳದ ಕುರುಕ್ಕನ್, ದಕ್ಷಿಣ ಕನ್ನಡದ ಬಪ್ಪಕಾಯಿ ಈ ಗುಣವನ್ನು ತೋರಿವೆ. ಇವುಗಳ ಒಂದೇ ಗೊರಟಿನಿಂದ ಹಲವು ಸಸಿಗಳು ಹುಟ್ಟುತ್ತವೆ, ಅವು ಬಹುಮಟ್ಟಿಗೆ ತಾಯಿಯ ಪಡಿಯಚ್ಚು. ಹೀಗಾಗಿ ಹತ್ತು ಗಿಡ ನೆಟ್ಟರೆ ಹತ್ತರ ಬೇರೂ ಒಂದೇ ಬಗೆಯಾಗಿ ನಡೆದುಕೊಳ್ಳುತ್ತವೆ. ಪೇಟೆಯಿಂದ ಕಸಿ ಗಿಡ ತರುವವರು ಮೇಲಿನ ಜಾತಿಯನ್ನು ಮಾತ್ರ ಕೇಳುತ್ತಾರೆ. ಕೆಳಗಿನದು ಯಾವುದೆಂದು ಕೇಳಿದರೆ ನರ್ಸರಿಯವರು ಮೊದಲು ನಗುತ್ತಾರೆ; ಕೇಳುವವರು ಹೆಚ್ಚಿದರೆ ನಗು ನಿಂತೀತು.

ನೀರುಣಿಸುವ ಬಗೆಯನ್ನು ಕುರಿತು ಎರಡು ಮಾತು. ಮಣ್ಣು ಒಣಗಿದಷ್ಟೂ ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಸಾರು ಕುದಿಕುದಿದು ಉಪ್ಪಾಗುವ ಹಾಗೆ. ಆದ್ದರಿಂದ ವಾರಕ್ಕೊಮ್ಮೆ ಹೊಟ್ಟೆತುಂಬ ಕುಡಿಸುವುದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪಸ್ವಲ್ಪ ಕೊಡುವುದು ಲೇಸು. ನೀರು ಎಲೆಗೆ ತಾಗಕೂಡದು. ತುಂತುರು ನೀರಾವರಿ ಇಲ್ಲಿ ಶತ್ರು. ಬುಡಕ್ಕೆ ದಪ್ಪನಾಗಿ ದರಕು ಹೊದಿಸಿದರೆ ಬಿಸಿಲು ನೀರನ್ನು ಕದಿಯುವುದು ಕಡಿಮೆಯಾಗುತ್ತದೆ. ತೆಂಗಿನ ಸಿಪ್ಪೆಯೂ ಆದೀತು. ಆದರೆ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ನಾರಿನ ಪುಡಿಯನ್ನು ಮಳೆಗೆ ಬಿಟ್ಟು ತೊಳೆಯದೆ ತರಬಾರದು, ಉಪ್ಪನ್ನು ನಾವೇ ಹೊತ್ತು ತಂದಂತಾಗುತ್ತದೆ. ಪೊಟ್ಯಾಷ್ ಬೇಕಾದಲ್ಲಿ ಸಲ್ಫೇಟಿನ ರೂಪದ್ದನ್ನು ಹಾಕಬೇಕು. ಇದನ್ನು ನಾನು ಯಾವ ಬೆಲೆ ತೆತ್ತು ಕಲಿತೆನೆಂದು ಆಗಲೇ ಹೇಳಿದ್ದೇನೆ.

ಹನಿ ನೀರಾವರಿ ಒಳ್ಳೆಯದೇ. ಆದರೆ ಅದರಲ್ಲೊಂದು ಮರ್ಮವಿದೆ. ಹನಿ ಬಿದ್ದಲ್ಲಿಂದ ತೇವ ದುಂಡಾಗಿ ಹರಡುತ್ತದೆ, ಉಪ್ಪನ್ನು ಅಂಚಿಗೆ ತಳ್ಳುತ್ತದೆ. ಬೇಸಿಗೆಯುದ್ದಕ್ಕೂ ಆ ಅಂಚಿನಲ್ಲಿ ಉಪ್ಪು ಬಳೆಯಂತೆ ಕೂಡಿಕೊಂಡಿರುತ್ತದೆ. ಮೇ ತಿಂಗಳಲ್ಲಿ ಗುಡುಗಿನೊಡನೆ ಒಂದು ಹದ ಮಳೆ ಬರುತ್ತದೆ. ಸಂತೋಷದಿಂದ ನಾವು ನಲ್ಲಿ ನಿಲ್ಲಿಸುತ್ತೇವೆ. ಆ ಸಣ್ಣ ಮಳೆ ಉಪ್ಪಿನ ಬಳೆಯನ್ನು ಕರಗಿಸಿ ಒಳಗೆ, ಬೇರಿನ ಕಡೆಗೆ, ಒಯ್ಯುತ್ತದೆ. ಮಳೆ ಬಂದ ವಾರದಲ್ಲೇ ಗಿಡ ಬಾಡುತ್ತದೆ! ಆದ್ದರಿಂದ ಮೊದಲ ಮಳೆಗೆ ಹನಿಯನ್ನು ನಿಲ್ಲಿಸಬಾರದು. ನೆಲ ಆಳದವರೆಗೆ ನೆನೆಯುವಂಥ ಮಳೆ ಆಗುವವರೆಗೆ ಅದು ತೊಟ್ಟಿಕ್ಕುತ್ತಲೇ ಇರಬೇಕು.

ಜಿಪ್ಸಂ ಹಾಕಿರೆಂಬ ಸಲಹೆಯೂ ನಮಗೆ ಬಂದಿತ್ತು. ಒಂದು ನಾಡಿನ ಮದ್ದು ಇನ್ನೊಂದು ನಾಡಿನ ರೋಗಕ್ಕೆ ಹೊಂದುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1969ರಲ್ಲಿ ಹರಿಯಾಣದ ಕರ್ನಾಲದಲ್ಲಿ ಕೇಂದ್ರೀಯ ಲವಣ ಮಣ್ಣು ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ರಾಜ್ಯದಲ್ಲಿ ತುಂಗಭದ್ರಾ ಕಾಲುವೆಯ ಸೀಮೆಗಾಗಿ ಗಂಗಾವತಿಯಲ್ಲಿ ಅಂಥ ಕೆಲಸ ನಡೆಯುತ್ತದೆ. ಅಲ್ಲಿನ ನೆಲದಲ್ಲಿ ಸೋಡಿಯಂ ಮಣ್ಣನ್ನೇ ಹಿಡಿದುಕೊಂಡು ಅದನ್ನು ಕೆಸರುಗಟ್ಟಿಸುತ್ತದೆ, ಮಳೆಯೂ ಕಡಿಮೆ. ಅಲ್ಲಿ ಜಿಪ್ಸಂ ಬೇಕು, ಉಪ್ಪನ್ನು ತೊಳೆಯಲು ಹೆಚ್ಚಿನ ನೀರೂ ಬೇಕು. ನಮ್ಮ ಮರಳು ನೆಲದ ಉಪ್ಪು ನಾಲ್ಕು ತಿಂಗಳ ಅತಿಥಿ. ಜೂನ್ ಬಂದರೆ ನಮ್ಮ ಮಳೆ ಅದನ್ನು ತೊಳೆದು ಕಡಲಿಗೆ ಕಳಿಸುತ್ತದೆ, ಹೋಗಲು ಬಸಿಗಾಲುವೆಯನ್ನು ಮಾತ್ರ ನಾವು ತೆರೆದಿಟ್ಟಿರಬೇಕು. ಉಪ್ಪು ತೊಳೆಯಲೆಂದು ಬೇಸಿಗೆಯಲ್ಲಿ ಹೆಚ್ಚು ನೀರು ಬಿಡಿರೆಂಬ ಪುಸ್ತಕದ ಮಾತನ್ನು ಇಲ್ಲಿ ಪಾಲಿಸಿದರೆ ಬಾವಿ ಮತ್ತಷ್ಟು ಉಪ್ಪಾದೀತು.

ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದವರು ಇದನ್ನು ಬಲ್ಲವರು. ಮಾಣಿಕಟ್ಟೆಯಂಥ ಊರುಗಳಲ್ಲಿ ಬೇಸಿಗೆಯಲ್ಲಿ ಗದ್ದೆಗೆ ಉಪ್ಪುನೀರು ಬಂದುಹೋಗುತ್ತಿತ್ತು, ಮೀನು ಸೀಗಡಿ ಆಡುತ್ತಿದ್ದವು. ಮಳೆ ಹಿಡಿದು ಉಪ್ಪು ತೊಳೆದ ಮೇಲೆ ಬೀಜ ಬೀಳುತ್ತಿತ್ತು. ಉಪ್ಪಿನ ಜೊತೆಗೆ ಅವರು ಜಗಳ ತೆಗೆಯಲಿಲ್ಲ, ಅದಕ್ಕೊಂದು ಕಾಲವನ್ನು ಗೊತ್ತುಮಾಡಿದರು. ಹಣ್ಣಿನ ಮರಕ್ಕೆ ಈ ಅನುಕೂಲವಿಲ್ಲ. ಅದು ಬೇಸಿಗೆಯಲ್ಲೂ ನಿಂತಲ್ಲೇ ನಿಂತಿರಬೇಕು. ಮಾವು ಕಾಯಿ ಕಟ್ಟುವುದೂ ಬಾಳೆ ಗೊನೆ ಹಾಕುವುದೂ ಆ ಕೆಟ್ಟ ತಿಂಗಳುಗಳಲ್ಲೇ. ಆದ್ದರಿಂದ ಇರುವ ಅಲ್ಪ ಸಿಹಿನೀರನ್ನು, ಮನೆಯ ಸೂರಿನಿಂದ ಹೊಂಡಕ್ಕೆ ಇಳಿಸಿಕೊಂಡದ್ದನ್ನೋ ಹಳ್ಳಕ್ಕೆ ಒಡ್ಡು ಹಾಕಿ ನಿಲ್ಲಿಸಿಕೊಂಡದ್ದನ್ನೋ, ಎಳೆಯ ಗಿಡಗಳಿಗೂ ಹೂ ಕಾಯಿಯ ಹೊತ್ತಿಗೂ ಮೀಸಲಿಡಬೇಕು. ಬಲಿತ ಮರ ಉಳಿದ ದಿನಗಳಲ್ಲಿ ಬಾವಿಯ ನೀರನ್ನು ಸಹಿಸಿಕೊಂಡೀತು.

ಇಷ್ಟು ಬಾವಿಯ ಮಾತಾಯಿತು. ಹೊಳೆಯಿಂದ ನೀರೆತ್ತುವವರು ಪಂಚಾಂಗ ನೋಡಬೇಕು. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಭರತದಲ್ಲಿ ಉಪ್ಪು ಮೇಲಕ್ಕೆ ಬರುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಹಿಂಜರಿಯುತ್ತದೆ. ಇಳಿತದ ಕೊನೆಯಲ್ಲಿ, ಫುಟ್‌ವಾಲ್ವನ್ನು ತಳಕ್ಕೆ ಬಿಡದೆ ಮೇಲ್ಪದರದಲ್ಲಿ ಇಟ್ಟು ಎತ್ತಿದರೆ, ಅದೇ ಹೊಳೆ ಬೇರೆಯೇ ನೀರನ್ನು ಕೊಡುತ್ತದೆ. ಭಟ್ಕಳದ ವೆಂಕಟಾಪುರ ಹೊಳೆಯಂಥ ಚಿಕ್ಕ ಹೊಳೆಗಳಲ್ಲಿ ಈ ಲೆಕ್ಕ ಇನ್ನೂ ಮುಖ್ಯ.

ಹೊನ್ನಾವರದ ಶರಾವತಿಯ ಕತೆಯೇ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಬಂತು. ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವ ಸಿಹಿನೀರು ಉಪ್ಪನ್ನು ಕಡಲ ಕಡೆಗೆ ಒತ್ತಿ ಹಿಡಿಯಿತು. ದಂಡೆಯ ತೋಟದವನಿಗೆ ಇದು ಕೇಳದೆ ಬಂದ ವರ. ಆದರೆ ಆ ಅಳಿವೆಯಲ್ಲಿ ಚಿಪ್ಪುಮೀನುಗಳು ಬಹುಮಟ್ಟಿಗೆ ಇಲ್ಲವಾದವು. ಅವುಗಳಿಗೆ ಉಪ್ಪು ಬೇಕಿತ್ತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಇಂದಿಗೂ ಹೆಂಗಸರು ಇಳಿತದ ಹೊತ್ತಿಗೆ ಚಿಪ್ಪು ಆರಿಸುತ್ತಾರೆ. 2024ರಲ್ಲಿ ಆ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ನನ್ನ ಮಾವನ ನಿಂಬೆಯನ್ನು ಕೊಂದ ಉಪ್ಪೇ ಹಿತ್ತಿಲಾಚೆ ನೂರಾರು ಮನೆಗಳಿಗೆ ಅನ್ನ ಕೊಡುತ್ತಿದೆ. ಹೊಳೆಗೆ ಅಡ್ಡಗಟ್ಟಿ ಉಪ್ಪನ್ನು ತಡೆಯಿರಿ ಎಂದು ತೋಟದವರು ಕೇಳುವುದನ್ನು ಕೇಳಿದಾಗಲೆಲ್ಲ ನಾನು ಸುಮ್ಮನಾಗುವುದು ಇದಕ್ಕಾಗಿ.

ಮಾವ ಈಗಿಲ್ಲ. ನಿಂಬೆಯ ಗಿಡ ಚಿಗುರಲಿಲ್ಲ. ಅದರ ಜಾಗದಲ್ಲಿ ಇನ್ನೊಂದನ್ನು ನೆಟ್ಟಿದ್ದೇವೆ. ಮೂರು ಈಶಾಡುಗಳಲ್ಲಿ ಎರಡು ಉಳಿದವು, ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಬಿಡುತ್ತವೆ. ಬಾಳೆಯನ್ನು ಮನೆಯ ಮೇಲ್ಬದಿಗೆ, ಸೂರಿನ ನೀರಿನ ಹೊಂಡದ ಹತ್ತಿರಕ್ಕೆ, ಸಾಗಿಸಿದ್ದಾಯಿತು. ಐದು ಅಶ್ವಶಕ್ತಿಯ ಆ ಪಂಪು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿದೆ. ಬಾವಿಯ ನೀರಿನಲ್ಲಿ ಈಗ ಬೇಳೆ ಬೇಯುತ್ತದೆ, ಮೇ ತಿಂಗಳ ಕೊನೆಯ ಎರಡು ವಾರಗಳನ್ನು ಬಿಟ್ಟು. ಆ ಎರಡು ವಾರ ಅತ್ತೆ ಅಡಿಗೆಗೆ ಮೇಲಿನ ಮನೆಯ ಬಾವಿಯಿಂದ ಎರಡು ಕೊಡ ನೀರು ತರಿಸಿಕೊಳ್ಳುತ್ತಾರೆ. ಪಂಪನ್ನು ಯಾರಿಗೂ ಮುಟ್ಟಗೊಡುವುದಿಲ್ಲ.